ಹನ್ನೊಂದು ನಿಮಿಷದ ಇಂಧನ

ಆ ಹಾರಾಟಕ್ಕೆ ತೆತ್ತ ಬೆಲೆ ಒಬ್ಬ ಮನುಷ್ಯ. ಹವಾಲ್ದಾರ್ ಮುನಿರಾಜು, ಚಿಂತಾಮಣಿ ತಾಲ್ಲೂಕಿನವನು, ಮುರುಗಮಲ್ಲದ ಪಕ್ಕದ ಹಳ್ಳಿ, ವಯಸ್ಸು ಮೂವತ್ತಾರು. ಹೆಲಿಕಾಪ್ಟರ್ ಕೆಟ್ಟಿರಲಿಲ್ಲ. ಯಾವ ನಿಯಮವನ್ನೂ ಮುರಿದಿರಲಿಲ್ಲ. ವಿಚಾರಣೆಯಲ್ಲಿ ನನ್ನ ಮೇಲೆ ಒಂದು ಸಾಲಿನ ಆಕ್ಷೇಪವೂ ಬರಲಿಲ್ಲ. ಹನ್ನೊಂದು ನಿಮಿಷ ಕಾಯುವಷ್ಟು ಇಂಧನ ನನ್ನ ಟ್ಯಾಂಕಿನಲ್ಲಿರಲಿಲ್ಲ, ಅಷ್ಟೆ. ಅದು ಏಕಿರಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾಯುಪಡೆಯಲ್ಲಿ ಅದು ನನ್ನ ಇಪ್ಪತ್ತೊಂದನೆಯ ವರ್ಷ. ವಿಂಗ್ ಕಮಾಂಡರ್ ಆಗಿದ್ದೆ. ಮಧ್ಯ ಆಫ್ರಿಕಾದ ಒಂದು ದೇಶದಲ್ಲಿದ್ದ ಶಾಂತಿಪಾಲನಾ ಪಡೆಗೆ ನಮ್ಮ ಸಾಗಣೆ ಹೆಲಿಕಾಪ್ಟರ್‌ಗಳನ್ನು ಒಂದು ವರ್ಷಕ್ಕೆ ಕಳಿಸಿದ್ದರು. ಯುದ್ಧವಿಮಾನದ ಪೈಲಟ್‌ಗಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನಾವು ಅಕ್ಕಿ ಹೊರುವವರು. ಬೆಳಿಗ್ಗೆ ಐದಕ್ಕೆ ಎದ್ದು ಮಲೇರಿಯಾ ಮಾತ್ರೆ ನುಂಗಿ, ಹವಾಮಾನದ ವರದಿ ಕೇಳಿ, ಲೋಡ್ ಶೀಟಿಗೆ ಸಹಿ ಹಾಕಿದರೆ ದಿನ ಶುರು. ಹೋಗುವಾಗ ಬೇಳೆ, ನೀರಿನ ಕ್ಯಾನು, ಮುಳ್ಳುತಂತಿ. ಬರುವಾಗ ಜ್ವರದವರು, ಗಾಯಾಳುಗಳು, ಕೆಲವು ದಿನ ಬಿಳಿ ಚೀಲದಲ್ಲಿ ಕಟ್ಟಿದ ಹೆಣ. ಹೆಣ ತಂದ ದಿನ ನೆಲಕ್ಕೆ ನೀರು ಹೊಯ್ದು ತೊಳೆದು, ಅದೇ ಜಾಗದಲ್ಲಿ ಮಾರನೆಯ ದಿನ ಈರುಳ್ಳಿ ಮೂಟೆ ಇಡುತ್ತಿದ್ದೆವು. ಮೊದಲ ತಿಂಗಳು ಊಟ ಸೇರಲಿಲ್ಲ. ಎರಡನೆಯ ತಿಂಗಳಿನಿಂದ ಸೇರಿತು. ಆ ಸೇರಿದ್ದೇ ಹೆಚ್ಚು ಭಯದ ಸಂಗತಿ ಎಂದು ಈಗ ಅನ್ನಿಸುತ್ತದೆ.

ಲೋಡ್ ಶೀಟ್ ಎಂದರೆ ತೂಕದ ಚೀಟಿ. ಎತ್ತರದ ಜಾಗದಲ್ಲಿ, ಬಿಸಿಲಿನಲ್ಲಿ ಗಾಳಿ ತೆಳುವಾಗಿರುತ್ತದೆ. ಹೆಲಿಕಾಪ್ಟರ್ ಹೊರುವ ಭಾರ ಕಡಿಮೆಯಾಗುತ್ತದೆ. ಆ ಮಿತಿಯೊಳಗೇ ಸಾಮಾನು, ಜನ, ಇಂಧನ ಮೂರೂ ಹಿಡಿಯಬೇಕು. ನಮ್ಮದು ನಿಮಿಷಕ್ಕೆ ಸುಮಾರು ಹತ್ತು ಕಿಲೋ ಇಂಧನ ಕುಡಿಯುವ ಯಂತ್ರ. ಹೋಗಿಬರುವ ದಾರಿಗೆ ಬೇಕಾದದ್ದು, ಜೊತೆಗೆ ಮೂವತ್ತು ನಿಮಿಷದ ಮೀಸಲು, ಇಷ್ಟು ನಿಯಮ. ಇದರ ಮೇಲೆ ನಾನು ಯಾವಾಗಲೂ ಇನ್ನೂರು ಕಿಲೋ, ಅಂದರೆ ಇಪ್ಪತ್ತು ನಿಮಿಷದ್ದು, ನನ್ನ ಲೆಕ್ಕದಲ್ಲಿ ತುಂಬಿಸುತ್ತಿದ್ದೆ.

ಆ ಅಭ್ಯಾಸ ನನಗೆ ಬಂದದ್ದು ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಿಂದ. ನಮ್ಮದು ಜಂಗಮಕೋಟೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಗೂಡು ಹೊತ್ತು ಕಳೆದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಅದಕ್ಕೇ ಮಾರುವವನಿಗೆ ಆತುರ, ಕೊಳ್ಳುವವನಿಗೆ ನೆಮ್ಮದಿ. ನಮ್ಮಪ್ಪ ಮಾತ್ರ ಮುದ್ದೆ, ಸಾರು ತುಂಬಿದ ಎರಡು ಅಂತಸ್ತಿನ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಗೂಡಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. "ಇವ್ನು ಸಾಯಂಕಾಲದವರ್ಗೂ ಕೂರ್ತಾನೆ ಅಂತ ಅವ್ರಿಗೆ ಗೊತ್ತಾಗ್ಬೇಕಪ್ಪ. ಆವಾಗ್ಲೇ ಮಾತು ನಮ್ ಕಡೆ ತಿರುಗೋದು," ಎನ್ನುತ್ತಿದ್ದರು. ಟ್ಯಾಂಕಿನಲ್ಲಿದ್ದ ಇನ್ನೂರು ಕಿಲೋ ನನ್ನ ಮುದ್ದೆಯ ಡಬ್ಬಿ.

ಚೌಕಾಸಿಯೂ ಅಲ್ಲೇ ಕಲಿತದ್ದು. ಆಫ್ರಿಕಾದ ಆ ಬೇಸ್‌ನಲ್ಲಿ ಅದು ಚೆನ್ನಾಗಿ ನಡೆಯಿತು. ರಸ್ತೆಯಲ್ಲಿ ಐದು ವಾರ ಹಿಡಿಯುವ ಸಾಮಾನನ್ನು ನಾನು ಐವತ್ತು ನಿಮಿಷದಲ್ಲಿ ಮುಟ್ಟಿಸುತ್ತಿದ್ದೆ. ಹಾಗಾಗಿ ಎಲ್ಲರೂ ನನ್ನ ಟೆಂಟಿಗೆ ಬರುತ್ತಿದ್ದರು. ನಿಮ್ಮ ಪೆಟ್ಟಿಗೆ ಒಯ್ಯುತ್ತೇನೆ, ನಮ್ಮ ಹುಡುಗರಿಗೆ ಸೊಳ್ಳೆಪರದೆ ಕೊಡಿ. ಹೀಗೆ ಆರು ತಿಂಗಳಲ್ಲಿ ನಮ್ಮ ಸಿಬ್ಬಂದಿಗೆ ಇಲ್ಲದ್ದೇ ಇರಲಿಲ್ಲ. ಆ ವಾರ ಇನ್ನೊಂದು ತುಕಡಿಯ ಕರ್ನಲ್ ಒಬ್ಬರು ಪದಕ ಪ್ರದಾನ ಸಮಾರಂಭಕ್ಕೆಂದು ನಲವತ್ತು ಮಡಚುವ ಕುರ್ಚಿಗಳನ್ನು ಬೆಟ್ಟದ ಪೋಸ್ಟಿಗೆ ಕಳಿಸಲು ಕೇಳಿದ್ದರು. ಬದಲಿಗೆ ಎರಡು ವಾಟರ್ ಹೀಟರ್. ಒಪ್ಪಿದ್ದೆ. ಹೀಟರ್‌ಗಳು ಆಗಲೇ ನಮ್ಮ ಟೆಂಟಿಗೆ ಬಂದೂ ಆಗಿದ್ದವು.

ಹಾರಾಟದ ಹಿಂದಿನ ದಿನ ಬೆಟ್ಟದ ಪೋಸ್ಟಿನಿಂದ ಮುನಿರಾಜುವಿನ ಫೋನ್ ಬಂತು. ಅವನು ಅಲ್ಲಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅಲ್ಲಿದ್ದವರಲ್ಲಿ ನನ್ನ ಜೊತೆ ಕನ್ನಡ ಆಡುವವನು ಅವನೊಬ್ಬನೇ.

"ಸಾರ್, ಊರೋರಿಗೆಲ್ಲ ಸಾಮಾನು ಹೊರ್ತೀರ. ನಮ್ ಜನರೇಟ್ರು ಬೇಸ್‌ನಲ್ಲೇ ಮಲ್ಕೊಂಡೈತೆ."

"ಎಷ್ಟು ತೂಕನಯ್ಯ?"

"ನೂರೈವತ್ತು ಸಾರ್."

"ಚಿಂತಾಮಣಿ ಸಂತೇಲಿ ಹೇಳೋ ತೂಕ ಬೇಡ. ತಕ್ಕಡಿ ಮೇಲೆ ಎಷ್ಟು?"

ಆ ಕಡೆ ನಗು. "ನೂರ ತೊಂಬತ್ತು ಸಾರ್. ಅದು ಬಂದ್ರೆ ಪಂಪ್ ಹಾಕ್ಕೊಂತೀವಿ. ದಿನಾ ನಾಲ್ಕು ಕಿಲೋಮೀಟ್ರು ಹಳ್ಳಕ್ಕಿಳಿದು ನೀರು ಹೊರಾದು ತಪ್ತದೆ. ಆ ದಾರಿ ಸರಿ ಇಲ್ಲ ಸಾರ್."

"ತಂದ್ರೆ ಏನ್ ಕೊಡ್ತೀಯ?"

"ಬೆಣ್ಣೆಹಣ್ಣು ಒಂದು ಬುಟ್ಟಿ. ಇಲ್ಲಿ ಮರದಡಿ ಬಿದ್ದು ಕೊಳೀತವೆ."

"ಎರಡು ಬುಟ್ಟಿ."

"ಅಯ್ಯೋ ದೇವ್ರೆ! ನೀವು ಗೂಡು ಮಾರ್ಕೆಟ್ಟಿನೋರೇ ಬಿಡಿ ಸಾರ್. ಆಗ್ಲಿ, ಎರಡು."

ಮಾರನೆಯ ಬೆಳಿಗ್ಗೆ ಲೋಡ್ ಶೀಟ್ ಬರೆಯಲು ಕೂತೆ. ಪಡಿತರ ಬಿಡುವಂತಿಲ್ಲ. ಔಷಧ ಬಿಡುವಂತಿಲ್ಲ. ಜನರೇಟರ್ ನೂರ ತೊಂಬತ್ತು, ಮಾತು ಕೊಟ್ಟಿದ್ದೇನೆ. ಕುರ್ಚಿಗಳು ಕಟ್ಟು ಸಮೇತ ನೂರ ತೊಂಬತ್ತೆರಡು. ಅದಕ್ಕೂ ಮಾತು ಕೊಟ್ಟಿದ್ದೇನೆ, ಹೀಟರ್‌ನಲ್ಲಿ ಎರಡು ದಿನ ಸ್ನಾನವನ್ನೂ ಮಾಡಿದ್ದೇನೆ. ಕುರ್ಚಿ ಬಿಟ್ಟರೆ ಕರ್ನಲ್ ಕೇಳುತ್ತಾರೆ, ಜನರೇಟರ್ ಬಿಟ್ಟರೆ ಮುನಿರಾಜು ಕೇಳುತ್ತಾನೆ. ಇಂಧನದ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ನನ್ನ ಇನ್ನೂರು ಕಿಲೋದಲ್ಲಿ ನೂರ ತೊಂಬತ್ತು ತೆಗೆಸಿದೆ. ನಮ್ಮ ಫ್ಲೈಟ್ ಇಂಜಿನಿಯರ್ ಪಂಜಾಬಿನ ಹಿರಿಯರು, ಚೀಟಿ ನೋಡಿ ಕೇಳಿದ್ದು ಒಂದೇ ಮಾತು: "ಸಾಹೇಬರೇ, ನಮ್ಮ ಇಪ್ಪತ್ತು ನಿಮಿಷ ಎಲ್ಲಿ?" ನಾನು ನಕ್ಕು, ಇವತ್ತು ಆಕಾಶ ಚೆನ್ನಾಗಿದೆ ಎಂದೆ.

ಹನ್ನೊಂದೂ ನಲವತ್ತಕ್ಕೆ ಬೆಟ್ಟದ ಮೇಲೆ ಇಳಿದೆವು. ಅಲ್ಲಿ ಇಂಜಿನ್ ಆರಿಸುವ ಹಾಗಿಲ್ಲ. ಮತ್ತೆ ಹೊತ್ತಿಕೊಳ್ಳದಿದ್ದರೆ ಇಡೀ ಹೆಲಿಕಾಪ್ಟರ್ ಬಂಡುಕೋರರಿಗೆ ಗುರಿಹಲಗೆ. ಸಾಮಾನಿಳಿಸಲು ಹತ್ತು ನಿಮಿಷ. ಜನರೇಟರ್ ಇಳಿಯಿತು, ಕುರ್ಚಿಗಳು ಇಳಿದವು. ಜ್ವರದ ಮೂವರು ಹತ್ತಿದರು. ಮುನಿರಾಜು ಕಾಣಲಿಲ್ಲ. ಎರಡು ಬುಟ್ಟಿ ಹಣ್ಣನ್ನು ಜವಾನರು ತಂದು ನನ್ನ ಹಿಂದೆ ಇಟ್ಟು, ಅವನು ನೀರು ತರುವ ತಂಡದ ಜೊತೆ ಹಳ್ಳಕ್ಕೆ ಹೋಗಿದ್ದಾನೆ, ಪಂಪ್ ಕೂರಿಸುವವರೆಗೆ ನೀರು ಬೇಕಲ್ಲ ಎಂದರು.

ಏಳನೆಯ ನಿಮಿಷಕ್ಕೆ ರೇಡಿಯೊ ಬಂತು. ಹಳ್ಳದ ದಾರಿಯಲ್ಲಿ ಗುಂಡು ಹಾರಿತ್ತು. ಮುನಿರಾಜುವಿನ ತೊಡೆಗೆ ಬಿದ್ದಿದೆ, ಕಟ್ಟು ಹಾಕಿದ್ದೇವೆ, ಹೊತ್ತು ತರುತ್ತಿದ್ದೇವೆ, ಇಪ್ಪತ್ತು ನಿಮಿಷ.

ಕಾದೆ. ಹತ್ತು ನಿಮಿಷ ಮುಗಿಯಿತು. ಆಮೇಲಿನದು ಮೀಸಲಿನಿಂದ. ಇಂಜಿನಿಯರ್ ಇಂಧನದ ಮುಳ್ಳು ನೋಡುತ್ತಾ ಒಂದೊಂದೇ ನಿಮಿಷ ಎಣಿಸುತ್ತಿದ್ದರು. ನಾವು ಬಂದ ದಾರಿಯ ಮೇಲೆ ಮೋಡ ಗೋಡೆಯಂತೆ ಏಳುತ್ತಿತ್ತು. ಹದಿನೆಂಟನೆಯ ನಿಮಿಷಕ್ಕೆ ಅವರು ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹಿಂದೆ ಮೂವರು ರೋಗಿಗಳು, ನಾವು ಐವರು. ಹೆಲಿಕಾಪ್ಟರನ್ನು ಎತ್ತಿದೆ.

ಮೇಲೇರಿ ತಿರುಗುವಾಗ ಮುನಿರಾಜುವನ್ನು ಹೊತ್ತವರು ಕಂಡರು. ಇಳಿಜಾರಿನ ಹುಲ್ಲಿನಲ್ಲಿ ನಾಲ್ವರು ಸ್ಟ್ರೆಚರ್ ಹೊತ್ತಿದ್ದರು. ಮುಂದಿದ್ದವನೊಬ್ಬ ಅಂಗಿ ಬಿಚ್ಚಿ ಬೀಸುತ್ತಿದ್ದ. ಇಳಿಯಲು ಸಮತಟ್ಟಾದ ಜಾಗವಿರಲಿಲ್ಲ. ನಾನು ಎರಡು ಸುತ್ತು ಹಾಕಲಿಲ್ಲ, ಒಂದನ್ನೇ ಹಾಕಿದೆ; ನನ್ನ ಡಬ್ಬಿಯಲ್ಲಿ ಉಳಿದಿದ್ದ ಹತ್ತು ಕಿಲೋ ಅದಕ್ಕೆ ಹೋಯಿತು. ನಾನು ಹೊರಟ ಹನ್ನೊಂದು ನಿಮಿಷಕ್ಕೆ ಅವರು ಹೆಲಿಪ್ಯಾಡ್ ಮುಟ್ಟಿದರಂತೆ.

ಮೀಸಲು ಇತ್ತಲ್ಲ, ಇನ್ನೂ ಕಾಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಮೀಸಲಿನಲ್ಲಿ ಎಂಟು ನಿಮಿಷ ಅಲ್ಲೇ ಸುಟ್ಟಿದ್ದೆ; ಉಳಿದದ್ದು ಇಪ್ಪತ್ತೆರಡು. ಮಾಮೂಲು ದಾರಿಯ ಇಂಧನದ ಮೇಲೆ, ಮೋಡ ಬಳಸಿ ಬರಲು ಅದರಲ್ಲಿ ಹತ್ತೊಂಬತ್ತು ಹೋಯಿತು. ಬೇಸ್‌ನಲ್ಲಿ ಇಳಿದಾಗ ಟ್ಯಾಂಕಿನಲ್ಲಿದ್ದದ್ದು ಮೂರು ನಿಮಿಷ. ಇನ್ನು ಹನ್ನೊಂದು ನಿಮಿಷ ಕಾದಿದ್ದರೆ ಕಾಡಿನಲ್ಲಿ ಒಂಬತ್ತು ಜನರ ಹೆಣ ಹುಡುಕಬೇಕಾಗುತ್ತಿತ್ತು. ಬೆಟ್ಟದ ಮೇಲೆ ನಾನು ಮಾಡಿದ ನಿರ್ಧಾರ ಸರಿಯಾಗಿತ್ತು. ತಪ್ಪು ಆದದ್ದು ಬೆಳಿಗ್ಗೆ, ಟೇಬಲ್ಲಿನ ಮುಂದೆ, ಪೆನ್ನು ಹಿಡಿದಾಗ.

ಇಂಧನ ತುಂಬಿಸಿ ಮತ್ತೆ ಹೊರಟೆ. ಮೋಡ ದಾರಿ ಮುಚ್ಚಿತ್ತು, ಅರ್ಧದಿಂದ ವಾಪಸಾದೆ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮುನಿರಾಜು ತೀರಿಕೊಂಡ. "ಎರಡು ಗಂಟೆಯೊಳಗೆ ಆಪರೇಷನ್ ಟೇಬಲ್ ಮೇಲೆ ಬಂದಿದ್ದರೆ ಉಳಿಯುತ್ತಿದ್ದ," ಎಂದರು ಡಾಕ್ಟರ್. ಮಾರನೆಯ ಬೆಳಿಗ್ಗೆ ಬಿಳಿ ಚೀಲವನ್ನು ನಾನೇ ಹೋಗಿ ತಂದೆ. ಹಣ್ಣಿನ ಬುಟ್ಟಿಗಳು ಇನ್ನೂ ನನ್ನ ಸೀಟಿನ ಹಿಂದೆಯೇ ಇದ್ದವು. ಅವನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

ದೇಶಕ್ಕೆ ಮರಳಿದ ಮೇಲೆ ಅವನ ಹಳ್ಳಿಗೆ ಹೋದೆ. ಹೆಂಡತಿ ರತ್ನಮ್ಮ ಹಾಲಿನ ಡೇರಿಯ ಕಾರ್ಯದರ್ಶಿ. ಕ್ಯಾನುಗಳೆಲ್ಲ ಲಾರಿ ಹತ್ತುವವರೆಗೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಅಳತೆಯ ಪುಸ್ತಕ ಮುಚ್ಚಿ ಎದುರಿಗೆ ಬಂದು ಕೂತರು. ಎಲ್ಲವನ್ನೂ ಹೇಳಿದೆ: ಜನರೇಟರ್, ಕುರ್ಚಿ, ಹೀಟರ್, ನಿಮಿಷಗಳು. ಕೊನೆಗೆ ಹೇಳಿದೆ, "ಆ ಜನರೇಟರ್ ನಾನು ಒಪ್ಕೋಬಾರದಿತ್ತಮ್ಮ."

ಅವರು ಮುಚ್ಚಿದ ಪುಸ್ತಕವನ್ನು ಪಕ್ಕಕ್ಕಿಟ್ಟರು.

"ಅದು ಓಡ್ತಾ ಐತಾ ಸಾರ್ ಈಗ?"

"ಓಡ್ತಿದೆ. ಪಂಪ್ ಕೂರಿಸಿದ್ಮೇಲೆ ನಾವು ಊರಿಗೆ ಬರೋವರ್ಗೂ ಯಾರೂ ನೀರಿಗೆ ಹಳ್ಳಕ್ಕಿಳಿದಿರ್ಲಿಲ್ಲ."

"ಹಂಗಾದ್ರೆ ಅದು ಬೇಡಾಗಿತ್ತು ಅನ್ಬೇಡಿ. ಕೇಳಿದ್ದು ಅವ್ರು, ಕೇಳಿದ್ರಾಗೆ ತಪ್ಪಿಲ್ಲ. ಕುರ್ಚಿ ಬೇಡಾಗಿತ್ತು ಅನ್ನಿ."

ವಿಚಾರಣೆಯ ಮೂವರು ಅಧಿಕಾರಿಗಳು ಎರಡು ವಾರ ಹುಡುಕಿಯೂ ಬರೆಯದ ಸಾಲು ಅದು. ನಾನೂ ಅಷ್ಟು ದಿನ ಜನರೇಟರನ್ನೇ ದೂರುತ್ತಾ ಕುರ್ಚಿಗಳನ್ನು ಮರೆಸಿದ್ದೆ. ಯಾಕೆಂದರೆ ಜನರೇಟರ್ ಹೊತ್ತದ್ದು ಉಪಕಾರ, ಕುರ್ಚಿ ಹೊತ್ತದ್ದು ನನ್ನ ವ್ಯಾಪಾರ.

ಈಗ ಊರಿನಲ್ಲೇ ಇದ್ದೇನೆ. ನಮ್ಮ ಕಡೆಯವರು ಮದುವೆಯ ಮಾತುಕತೆಗೂ ಜಮೀನಿನ ಮಾತುಕತೆಗೂ ನನ್ನನ್ನು ಕರೆಯುತ್ತಾರೆ. ಚೌಕಾಸಿಯಲ್ಲಿ ಪಳಗಿದ ಕೈ ಎಂದು. ಕರೆದವರಿಗೆಲ್ಲ ಹೇಳುವುದನ್ನು ನಿಮಗೂ ಹೇಳುತ್ತೇನೆ. ಮಾತಿಗೆ ಕೂರುವ ಮುಂಚೆ ಒಂದು ಹಾಳೆಯಲ್ಲಿ, ಈ ವಿಷಯದಲ್ಲಿ ಬಾಯಿಲ್ಲದ್ದು ಯಾವುದು ಎಂದು ಬರೆದುಕೊಳ್ಳಿ. ಸೈಟಿನ ಮಾತಾದರೆ ಬಾವಿಯ ನೀರು. ರೋಗಿಯನ್ನು ಬೆಂಗಳೂರಿಗೆ ಒಯ್ಯುವ ಕಾರಾದರೆ ಟ್ಯಾಂಕಿನ ಡೀಸೆಲ್ಲು, ಸ್ಟೆಪ್ನಿಯ ಗಾಳಿ. ನೆಂಟರು ಇನ್ನೊಬ್ಬರು ಹತ್ತುತ್ತೇನೆ ಎಂದು ಬಾಯಿಬಿಟ್ಟು ಕೇಳುತ್ತಾರೆ, ಸ್ಟೆಪ್ನಿ ಕೇಳುವುದಿಲ್ಲ. ಎಲ್ಲರನ್ನೂ ಮೆಚ್ಚಿಸಿದ ಒಪ್ಪಂದ ಸಿಕ್ಕಿದ ದಿನ ಖುಷಿಪಡಬೇಡಿ, ಯಾವುದನ್ನು ಕೊಯ್ದು ಹಂಚಿದಿರಿ ಎಂದು ನೋಡಿಕೊಳ್ಳಿ. ಕಾಯುವುದಕ್ಕೆಂದು ಇಟ್ಟದ್ದನ್ನು ಮೊದಲೇ ತೂಗಿ ಪಕ್ಕಕ್ಕಿಡಿ, ಯಾರು ಕೇಳಿದರೂ ಮುಟ್ಟಬೇಡಿ.

ಕುರ್ಚಿಯ ಮಾತು ಆಮೇಲೆ.