ಡೆಸಿಬೆಲ್ ಮಾವನ ಸ್ಟುಡಿಯೋದಲ್ಲಿ ಅತ್ತೆಯ ದನಿ

ನಮ್ಮ ಸೋದರಮಾವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಡೆಸಿಬೆಲ್. ಹೊಗಳೋಕೆ ಇಟ್ಟಿದ್ದಲ್ಲ. ಮಾವ ಮಾತ್ರ ಅದನ್ನು ಬಿರುದು ಅಂದುಕೊಂಡು ಉಬ್ಬಿಹೋಗಿದ್ದಾನೆ. ಹೊಟ್ಟೆಪಾಡಿಗೆ ಮನೆಮನೆಯ ನೀರಿನ ಮೀಟರ್ ಓದುತ್ತಾನೆ. ಆದರೆ ಯಾರಾದರೂ ಕೇಳಿದರೆ "ನಾನು ಸೌಂಡ್ ಲೈನಲ್ಲಿದೀನಿ" ಅಂತಾನೆ.

ಕಾಲೇಜಿಗೆಂದು ಬಂದು ಅವರ ಮನೆಯಲ್ಲಿ ಮೂರು ವರ್ಷ ಇದ್ದೆ, ಹಾಗಾಗಿ ಆ ಲೈನು ಎಷ್ಟು ಉದ್ದ ಇದೆ ಅಂತ ನನಗೆ ಚೆನ್ನಾಗಿ ಗೊತ್ತು. ಮೂರು ಮೈಕು. ಒಂದು ಕಡೆಗೆ ವಾಲುವ ಸ್ಟ್ಯಾಂಡು. ತಲೆಗೆ ಎರಡು ಬೋಗುಣಿ ಕವುಚಿದಂತೆ ಕಾಣುವ ಹೆಡ್‌ಫೋನು. ಹದಿನಾರು ತಿರುಗಣೆ ಇರುವ ಮಿಕ್ಸರು, ಅದರಲ್ಲಿ ಮಾವನಿಗೆ ಅರ್ಥವಾಗಿದ್ದು ಎರಡು. ಇಷ್ಟೆಲ್ಲ ಇಟ್ಟುಕೊಂಡು ಹನ್ನೊಂದು ವರ್ಷದಲ್ಲಿ ಅವನು ಪೂರ್ತಿ ಮಾಡಿದ ರೆಕಾರ್ಡಿಂಗು ಒಂದೂ ಇಲ್ಲ. "ಹಲೋ, ಚೆಕ್, ಒಂದು, ಎರಡು" ಅನ್ನುವಲ್ಲಿಗೆ ಕಲಾಸೇವೆ ಮುಗಿಯುತ್ತಿತ್ತು.

ಅತ್ತೆ ಬಟ್ಟೆ ಆಲ್ಟ್ರೇಶನ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಪ್ಯಾಂಟು ಗಿಡ್ಡ ಮಾಡೋದು, ಕೋಟು ಸಡಿಲ ಮಾಡೋದು. ಅವಳ ದನಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹುಚ್ಚು ಅಭಿಮಾನಿಯೇ, ಮುಚ್ಚುಮರೆ ಏನಿಲ್ಲ. "ಎಡಗಾಲು ಅರ್ಧ ಇಂಚು ಬಿಡಿ" ಎಂಬ ಚೀಟಿಯನ್ನು ಅವಳು ಓದಿದರೂ ಇನ್ನೊಂದು ಸಲ ಓದಲಿ ಅನಿಸುತ್ತದೆ. ಕಣ್ಣು ಕಾಣದ ಹುಡುಗಿಯರ ಹಾಸ್ಟೆಲ್ಲಿಗೆ ವಾರಕ್ಕೆ ಎರಡು ಸಂಜೆ ಹೋಗಿ ಪಾಠ ಓದಿ ಹೇಳುತ್ತಿದ್ದಳು. ಆ ಎರಡು ಸಂಜೆಗೆ ಮಾತ್ರ ಅವಳು ತಲೆ ಬಾಚಿ, ಒಳ್ಳೆಯ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಹಾಸ್ಟೆಲ್ ಮೇಡಂ ಸುದ್ದಿ ಹೇಳಿದರು. ಇನ್ನು ಮುಂದೆ ಪಾಠವೆಲ್ಲ ರೆಕಾರ್ಡ್ ಆಗಬೇಕಂತೆ. ಓದುವವರು ಒಂದು ಪಾಠ ಮಾದರಿಗೆ ಕಳಿಸಬೇಕು, ಕಮಿಟಿಗೆ ಹಿಡಿಸಿದರೆ ಸರಿ, ಇಲ್ಲದಿದ್ದರೆ ಕಂಪ್ಯೂಟರ್ ದನಿ ಹಾಕಿಬಿಡುತ್ತಾರೆ. ಅತ್ತೆ ಮತ್ತೆ ಅಲ್ಲಿಗೆ ಹೋಗುವ ಅಗತ್ಯವೇ ಇರುವುದಿಲ್ಲ. ಕಳಿಸಲು ಶನಿವಾರ ಸಂಜೆ ಐದರವರೆಗೆ ಗಡುವು. ಪಾಠ: ಎರೆಹುಳು.

"ಫೋನಲ್ಲೇ ಓದಿ ಕಳಿಸ್ಬಿಡ್ತೀನಿ" ಅಂದಳು ಅತ್ತೆ.

ಮಾವ ಊಟದ ತಟ್ಟೆಯಿಂದ ಅರ್ಧ ಎದ್ದೇಬಿಟ್ಟ. "ಫೋನಲ್ಲಾ? ಮನೇಲಿ ಸ್ಟುಡಿಯೋ ಇಟ್ಕೊಂಡು ಫೋನಲ್ಲಾ? ನನ್ನ ಮರ್ಯಾದೆ ಏನಾಗ್ಬೇಕು?"

ಸ್ಟುಡಿಯೋ ಅಂದರೆ ಹಳೇ ಸಾಮಾನಿನ ಕೋಣೆ. ಬೇಕರಿಯವರನ್ನು ಕಾಡಿ ತಂದ ಮೊಟ್ಟೆ ಟ್ರೇಗಳನ್ನು ಗೋಡೆ ತುಂಬ ಅಂಟಿಸಿದ್ದ. ಹೊರಗಿನ ಸದ್ದನ್ನು ತಡೆಯುವುದು ಗಟ್ಟಿ ಗೋಡೆ, ಮುಚ್ಚಿದ ಸಂದಿ. ಮೊಟ್ಟೆ ಟ್ರೇ ತಡೆಯುವುದು ಮೊಟ್ಟೆ ಒಡೆಯುವುದನ್ನು ಮಾತ್ರ. ಎದುರಿನ ಬೈಕ್ ರಿಪೇರಿ ಅಂಗಡಿಯ ಗಲಾಟೆ ಬಾಗಿಲ ಕೆಳಗಿನ ಎರಡು ಬೆರಳು ಸಂದಿಯಲ್ಲಿ ಆರಾಮಾಗಿ ಒಳಗೆ ಬರುತ್ತಿತ್ತು. ಟ್ರೇಗಳಿಂದಾದ ಲಾಭ ಇರುವೆಗಳಿಗೆ.

"ಮಾವ, ಸಂದಿಗೆ ಹಳೇ ಟವೆಲ್ ಸುತ್ತಿ ಇಡೋಣ. ಬಾಗಿಲಿಗೊಂದು ದಪ್ಪ ಕಂಬಳಿ ಹಾಕಿದ್ರೂ ಸಾಕು" ಅಂದೆ.

"ಟವೆಲ್ಲಾ? ಇದೇನು ಬಚ್ಚಲುಮನೇನಾ? ಸುಮ್ನೆ ಕೂತ್ಕೊಂಡು ಕಲಿತ್ಕೋ."

ಕಲಿತೆ. ಮೈಕನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ಸದ್ದಿನ ಮಟ್ಟ ಇಳಿಸಿಕೊಂಡರೆ ಅರ್ಧ ಗದ್ದಲ ತಾನಾಗಿ ಹೋಗುತ್ತದೆ. ಈ ಮಹಾನುಭಾವ "ರೂಮಿನ ಫೀಲ್ ಬರಲಿ" ಅಂತ ಎರಡು ಮಾರು ದೂರ ಇಟ್ಟು ತಿರುಗಣೆಯನ್ನು ಕೊನೇವರೆಗೂ ತಿರುಗಿಸಿದ. ಆಮೇಲೆ ಎಲ್ಲ ಸದ್ದೂ ಬರುತ್ತಿದೆ ಅಂತ ನಮ್ಮ ಮೇಲೆ ಕೂಗಾಡಿದ. ಫ್ಯಾನ್ ಆಫ್. ಫ್ರಿಜ್ ಆಫ್, ಹಾಲು ಒಡೆಯಿತು. ಅತ್ತೆಯ ಬಳೆ ತೆಗೆಸಿದ. ನಾನು ಉಸಿರಾಡೋದೇ ಜೋರು ಅಂದ.

ಇಷ್ಟಾದ ಮೇಲೆ ಬೆವರಿಳಿಸಿಕೊಂಡು ಅತ್ತೆ ಹದಿನೆಂಟು ನಿಮಿಷ ಓದಿದಳು. ದೇವರಾಣೆ, ಎರೆಹುಳುವಿನ ಮೇಲೆ ನನಗೆ ಪ್ರೀತಿ ಬಂತು.

"ಇನ್ನು ನನ್ನ ಕೆಲಸ ನೋಡಿ" ಅಂತ ಮಾವ ಕಂಪ್ಯೂಟರ್ ಮುಂದೆ ಕೂತ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಒಂದಿದೆ. ಯಾರೂ ಮಾತಾಡದ ಹೊತ್ತಿನ ಬರೀ ಗದ್ದಲವನ್ನು ಅದಕ್ಕೆ ನಾಲ್ಕು ಸೆಕೆಂಡು ತೋರಿಸಿದರೆ, ಅಂಥದ್ದನ್ನೆಲ್ಲ ಇಡೀ ರೆಕಾರ್ಡಿಂಗಿನಿಂದ ಹುಡುಕಿ ಒರೆಸುತ್ತದೆ. ಮಾವ ಶುರುವಿನ ತುಣುಕು ತೋರಿಸಿದ, ಗುಂಡಿ ಒತ್ತಿದ, ಕೇಳದೇ ಹಾಸ್ಟೆಲ್ಲಿಗೆ ಕಳಿಸಿಯೂ ಬಿಟ್ಟ. ಸ್ಕ್ರೀನಿನ ಮೇಲೆ ಗೆರೆ ನೀಟಾಗಿ ಕಂಡರೆ ಅವನಿಗೆ ಸಾಕು, ಕಿವಿಗೆ ಕೆಲಸವಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಫೋನ್ ಬಂತು. "ಅಕ್ಕಾ, ಇದೇನು, ಕಂಪ್ಯೂಟರ್ ಕೈಲಿ ಓದ್ಸಿ ಕಳಿಸಿದೀರಾ?"

"ಇಲ್ಲ ಮೇಡಂ, ನಾನೇ ಓದಿದ್ದು."

"ಹುಡ್ಗೀರು ನಕ್ಬಿಟ್ರು ಅಕ್ಕಾ. ಡಬ್ಬದೊಳಗೆ ಯಾರೋ ಸಿಕ್ಕಾಕ್ಕೊಂಡಿದಾರೆ ಅಂದ್ರು. ಐದು ಗಂಟೆವರೆಗೂ ನಾನು ಹೇಗೋ ತಡೀತೀನಿ. ಬೇರೆ ಕಳಿಸಿ."

ಅತ್ತೆ ಆಗಲೇ ಮೊದಲ ಸಲ ಅದನ್ನು ಕೇಳಿದ್ದು. ನಿಜವಾಗಿಯೂ ಟಿನ್ನಿನೊಳಗಿನ ನೊಣ. ಸಾಫ್ಟ್‌ವೇರಿಗೆ ತೋರಿಸಿದ್ದು ಯಾವ ತುಣುಕು ಅಂತ ನಾನು ಮಾವನನ್ನು ಕೆದಕಿ ಕೇಳಿದೆ. ಓದಲು ಶುರುಮಾಡುವ ಮುಂಚೆ ಅತ್ತೆ ಶ್ರುತಿ ಹಿಡಿಯುವಂತೆ ಮೆಲ್ಲಗೆ "ಹ್ಞೂಂ" ಅನ್ನುತ್ತಾಳೆ, ಅಭ್ಯಾಸ. ಮಾವ ಗದ್ದಲ ಅಂತ ಸಾಫ್ಟ್‌ವೇರಿಗೆ ತೋರಿಸಿದ್ದು ಅದನ್ನೇ. ಅದು ಪಾಪ, ಹೇಳಿದ ಕೆಲಸ ಮಾಡಿ ಅತ್ತೆಯ ದನಿಯ ತಿರುಳನ್ನೇ ಒರೆಸಿತ್ತು.

"ಬ್ಯಾಕ್‌ಗ್ರೌಂಡ್ ಕೇಳೇ! ಒಂದು ಚೂರು ಗದ್ದಲ ಇದ್ಯಾ?" ಮಾವನಿಗೆ ಇನ್ನೂ ಹೆಮ್ಮೆ.

"ಗದ್ದಲದ ಜೊತೆ ನನ್ನನ್ನೂ ಗುಡಿಸಿ ಹಾಕಿದೀರಲ್ರೀ! ಮೊದಲಿಂದು ಎಲ್ಲಿ?"

"ಅದರ ಮೇಲೇ ಸೇವ್ ಮಾಡ್ದೆ. ಕಸ ಯಾಕೆ ಇಟ್ಕೋಬೇಕು?"

ಅತ್ತೆ ಎದ್ದಳು. ಪುಸ್ತಕ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟಳು. ನಾನೂ ಹಿಂದೆ ಹೋದೆ.

ಆ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವುದರಲ್ಲಿ ಎತ್ತಿದ ಕೈ ಅನಿಸಿಕೊಂಡ ಒಬ್ಬಾಕೆ ಇದ್ದಾಳೆ, ಎಲ್ಲರಿಗೂ ಕಾಜಾ ಅಕ್ಕ. ವಿಷಯ ಕೇಳಿ "ನಿನ್ ಗಂಡನ್ನ ಮೊದ್ಲು ಆಲ್ಟ್ರೇಶನ್‌ಗೆ ಹಾಕ್ಬೇಕು ಕಣೇ" ಅಂದಳು. ಆಮೇಲೆ ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಯನ್ನು ತೋರಿಸಿದಳು. ಅಲ್ಲಿ ಗಿರಾಕಿಗಳು ತಗೊಂಡು ಹೋಗದೆ ಬಿಟ್ಟ ಕೋಟುಗಳು ಮೂರು ಗೋಡೆಗೂ ನೇತಾಡುತ್ತಿದ್ದವು, ಮುಂದೆ ದಪ್ಪ ಪರದೆ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಬಟ್ಟೆಯಲ್ಲಿ ಇಂಗಿಹೋಗುತ್ತಿತ್ತು. ಸ್ಟೂಲಿನ ಮೇಲೆ ಮಡಿಸಿದ ಉಣ್ಣೆ ಬಟ್ಟೆ, ಅದರ ಮೇಲೆ ಫೋನು, ಬಾಯಿಗೆ ನೇರವಾಗಿ ಅಲ್ಲ, ಒಂಚೂರು ಪಕ್ಕಕ್ಕೆ, ಉಸಿರು ಬಡಿಯಬಾರದು ಅಂತ. ಕಾಜಾ ಅಕ್ಕ ಮೂರೂ ಮೆಷಿನ್ನು ನಿಲ್ಲಿಸಿದಳು. ಪ್ಯಾಂಟು ಕೇಳಿಕೊಂಡು ಬಂದ ಗಿರಾಕಿಗೆ "ಇಪ್ಪತ್ತು ನಿಮಿಷ ಬಿಟ್ಕೊಂಡು ಬನ್ನಿ, ನಿಮ್ ಕಾಲೇನು ಓಡಿಹೋಗಲ್ಲ" ಅಂದಳು.

ಅತ್ತೆ "ಹ್ಞೂಂ" ಅಂದಳು. ಓದಿದಳು. ನಡುವೆ ಯಾರದೋ ಕತ್ತರಿ ಕೆಳಗೆ ಬಿತ್ತು, ಅವಳು ನಿಲ್ಲಲಿಲ್ಲ. ಎರಡೂವರೆಗೆ ಕಳಿಸಿದೆವು.

ಆಮೇಲಿನ ಮೂರು ಗಂಟೆ ಅತ್ತೆ ಒಂದೇ ಪ್ಯಾಂಟಿಗೆ ಮೂರು ಸಲ ಹೊಲಿಗೆ ಹಾಕಿ ಬಿಚ್ಚಿದಳು. ಐದೂವರೆಗೆ ಮೇಡಂ ಫೋನು.

"ಕಮಿಟಿಯವ್ರು ಎರಡು ನಿಮಿಷ ಕೇಳಿ ಸಾಕು ಅಂದ್ರು. ಹುಡ್ಗೀರು ಬಿಡ್ಬೇಕಲ್ಲ, ಪೂರ್ತಿ ಹಾಕ್ಸಿದ್ರು. ಎಲ್ಲೋ ಏನೋ ಠಣ್ ಅಂತು, ಇರಲಿ ಬಿಡಿ. ಪುಸ್ತಕದ ಹನ್ನೆರಡು ಪಾಠಾನೂ ನಿಮ್ದೇ."

ಅತ್ತೆ ಫೋನಿಟ್ಟು ಕೋಟುಗಳ ನಡುವೆ ಹೋಗಿ ನಿಂತಳು. ಅತ್ತಳೋ ಏನೋ, ಅಲ್ಲಿಂದ ಸದ್ದು ಆಚೆ ಬರೋದಿಲ್ಲವಲ್ಲ.

ಮನೆಯಲ್ಲಿ ಕಾಯುತ್ತಿದ್ದ ಮಾವನಿಗೆ ನಾನು ಮೇಡಂ ಹೇಳಿದ್ದನ್ನೆಲ್ಲ ಒಪ್ಪಿಸಿದೆ. "ಆ ಫೈಲ್ ಕೊಡು ಇಲ್ಲಿ. ಠಣ್ ಅನ್ನೋದನ್ನ ತೆಗೆದುಕೊಡ್ತೀನಿ, ಎರಡೇ ನಿಮಿಷ."

"ರೀ, ಇನ್ಮೇಲೆ ನನ್ನ ದನೀಗೆ ನೀವು ಕೈ ಹಚ್ಚಬೇಡಿ" ಅಂದಳು ಅತ್ತೆ. ಕೂಗಾಡದೆ, ಪಾಠ ಓದುವ ದನಿಯಲ್ಲೇ.

ಸೋಮವಾರ ಊಟದ ಬಿಡುವಿನಲ್ಲಿ ಎರಡನೇ ಪಾಠ ಶುರುವಾಯಿತು. ಮಾವ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು ಅಂಗಡಿ ಬಾಗಿಲಿಗೆ ಬಂದ. "ನಾನು ಅವಳ ಸೌಂಡ್ ಇಂಜಿನಿಯರು" ಅಂದ, ಬೀದಿಗೆಲ್ಲ ಕೇಳುವ ಹಾಗೆ.

ಕಾಜಾ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ರೆಕಾರ್ಡಿಂಗ್ ನಡೀತಿದೆ ಅಣ್ಣಾ. ಗದ್ದಲ ಮಾಡೋರು ಆಚೆ ಇರ್ಬೇಕು" ಅಂತ ಹೇಳಿ, ಅವನ ಮುಖದ ಮುಂದೆಯೇ ಬಾಗಿಲು ಹಾಕಿದಳು.