ಒಳಗಿರುವವರು: ಸೊನ್ನೆ

ಕಳೆದ ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಎರಡು ನಿಮಿಷಕ್ಕೆ ನಾನು ನಕ್ಕೆ. ಇಷ್ಟು ಖಚಿತವಾಗಿ ಹೇಗೆ ಗೊತ್ತು? ನನ್ನೆದುರಿನ ಪರದೆಯ ಮೇಲೆ ಸಮಯ ಕಾಣುತ್ತಿತ್ತು. ಅದರ ಕೆಳಗೆ ಇನ್ನೊಂದು ಸಾಲಿತ್ತು: ‘ಒಳಗಿರುವವರು: 0’.

ಆ ಹೊತ್ತಿಗೆ ಒಳಗೆ ಒಬ್ಬ ಹೆಣ್ಣುಮಗಳಿದ್ದಳು.

ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಡೆದದ್ದು ಇದು. ಹೆಸರು ಬೇಡ. ಘೋಣಸಗಿಯ ನಮ್ಮ ಭಾವ ಅಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ವ್ಯಾಪಾರಿಗೆ ಮಾದರಿ ತೋರಿಸಲು ಒಂದು ಪೆಟ್ಟಿಗೆ ತರಬೇಕಿತ್ತು. ವಿಜಯಪುರದಿಂದ ನಾನೂ ಅವರ ಜೊತೆ ಹೋದೆ (ಕೆಲಸವೇನೂ ಇರಲಿಲ್ಲ. ಅಂಕಣ ಬರೆಯುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ).

ಪೆಟ್ಟಿಗೆ ಊಟದ ನಂತರ ಸಿಗುತ್ತದೆ ಎಂದ ಸುಪರ್‌ವೈಸರ್ ಶ್ರೀಶೈಲ, ಅಲ್ಲಿಯವರೆಗೆ ಹೊಸ ಸಿಸ್ಟಮ್ ನೋಡಿರೆಂದು ನಮ್ಮನ್ನು ಕರೆದೊಯ್ದ.

ಅಲ್ಲಿ ಇದ್ದ ಸಮಸ್ಯೆಯಾದರೂ ಏನು? ಒಳಗೆ ಪೆಟ್ಟಿಗೆ ಜೋಡಿಸುವ ಹೆಂಗಸರು ಚಳಿ ತಾಳದೆ ಆಗಾಗ ಹೊರಬಂದು ಬಿಸಿಲಿಗೆ ನಿಲ್ಲುತ್ತಿದ್ದರು. ಯಾರು ಎಷ್ಟು ನಿಮಿಷ ನಿಂತರೆಂದು ಮಾಲೀಕರಿಗೆ ತಿಳಿಯುತ್ತಿರಲಿಲ್ಲ. ಒಂದು ಸಂಸ್ಥೆಗೆ ಇದಕ್ಕಿಂತ ದೊಡ್ಡ ಕಷ್ಟ ಬೇಕೇ?

ಈಗ ಬಾಗಿಲ ಪಕ್ಕ ಮುಖ ಗುರುತಿಸುವ ಯಂತ್ರವಿದೆ. ಹೋಗುವಾಗ ಮುಖ ತೋರಿಸಬೇಕು, ಬರುವಾಗಲೂ. ಊಟದ ಹೊತ್ತಿಗೆ ಎಣಿಕೆ ಸೊನ್ನೆಯಾದ ಕೂಡಲೇ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ, ದೀಪ ತಾನೇ ಆರುತ್ತದೆ. ಎರಡು ಗಂಟೆಯವರೆಗೆ ಅದು ಯಾರ ಮುಖಕ್ಕೂ ತೆರೆಯುವುದಿಲ್ಲ. ಒಳಗಿನಿಂದ ತೆರೆಯುವ ಹಿಡಿಕೆಯೊಂದು ಇತ್ತಂತೆ. ತಂಪು ಪೋಲಾಗುತ್ತದೆಂದು ಹೊಸ ಬೀಗ ಕೂಡಿಸುವಾಗ ಅದನ್ನು ಬಿಚ್ಚಿಸಿದರು. ಇದನ್ನೂ ಶ್ರೀಶೈಲ ಹೆಮ್ಮೆಯಿಂದಲೇ ಹೇಳಿದ. ನಾನು ತಲೆಯಾಡಿಸಿದೆ.

ಮೊದಲು ಹೇಗಿತ್ತೆಂದು ಹೇಳಿದವನು ಕಾವಲುಗಾರ ಭೀಮಣ್ಣ. ತಿನ್ನುವ ಮಾಲು ಇರುವ ಜಾಗವೆಂದು ಹೆಂಗಸರು ಬಾಗಿಲ ಮುಂದೆಯೇ ಚಪ್ಪಲಿ ಬಿಟ್ಟು ಒಳಹೋಗುತ್ತಿದ್ದರು. ಬೀಗ ಹಾಕುವ ಮುನ್ನ ಭೀಮಣ್ಣ ನೆಲ ನೋಡುತ್ತಿದ್ದ. ಒಂದು ಜೋಡು ಉಳಿದಿದ್ದರೂ ಬೀಗ ಹಾಕುತ್ತಿರಲಿಲ್ಲ. ಚಪ್ಪಲಿಯ ಸಾಲು ವ್ಯಾಪಾರಿಗಳ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಈಗ ಗೇಟಿನ ಹತ್ತಿರ ರ‍್ಯಾಕ್ ಇಟ್ಟಿದ್ದಾರೆ. ಒಳಗೆ ಹೋಗುವವರಿಗೆ ರಬ್ಬರ್ ಬೂಟು.

ಒಂದಕ್ಕೆ ಊಟದ ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಹೊರಬಂದರು. ಕೊನೆಯವಳು ಅರಕೇರಿಯ ಕಸ್ತೂರಿ. ಯಂತ್ರಕ್ಕೆ ಮುಖ ತೋರಿಸಿದಳು. ‘ಧನ್ಯವಾದ, ಮಹಾದೇವಿ’ ಎಂದಿತು ಯಂತ್ರ. ಮಹಾದೇವಿ ಅವಳ ಬೆನ್ನಿಗೆ ಹುಟ್ಟಿದ ತಂಗಿ. ಅಲ್ಲಿಯೇ ಕೆಲಸಕ್ಕೆ ಬರುತ್ತಾಳೆ.

“ಲೇ, ನಾ ಅಕ್ಕ ಅದೀನಿ, ಸರಿಯಾಗಿ ನೋಡ” ಎಂದು ಕಸ್ತೂರಿ ತಲೆಗೆ ಸುತ್ತಿದ್ದ ಬಟ್ಟೆ ಸರಿಸಿ ಮತ್ತೆ ಮುಖ ಕೊಟ್ಟಳು. ಈ ಸಲ ‘ಧನ್ಯವಾದ, ಕಸ್ತೂರಿ’. ಇದ್ದವರೆಲ್ಲ ನಕ್ಕರು. ತವರಿನ ಓಣಿಯಲ್ಲಿ ಈಗಲೂ ಮಂದಿ ಹಿಂಗೇ ತಪ್ಪುತ್ತಾರೆ ಎಂದು ಅವಳೂ ನಕ್ಕಳು. ಎಣಿಕೆ ಎರಡರಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡೂ ನಕ್ಕೆ. ಬಾಗಿಲು ಟಕ್ ಎಂದಿತು.

ಮಹಾದೇವಿ ಹಿಂದಿನ ಸಾಲಿನಲ್ಲಿ ಒಂದು ಪೆಟ್ಟಿಗೆ ಹುಡುಕುತ್ತಿದ್ದಳು. ನಮ್ಮ ಪೆಟ್ಟಿಗೆ. ಊಟ ಆದ ಮೇಲೆ ತಂದರಾಗುತ್ತಿತ್ತು. ಹಿರಿಯರು ಕಾಯುತ್ತಿದ್ದಾರೆಂದು ಆಗಲೇ ಹೋಗಿದ್ದಳಂತೆ.

ಬೇವಿನ ಮರದ ಕೆಳಗೆ ಕಸ್ತೂರಿ ರೊಟ್ಟಿ ಗಂಟು ಬಿಚ್ಚಿದಳು. ತಂಗಿ ಬರಲಿಲ್ಲ. ಕರೆದಳು, ಹುಡುಕಿದಳು. ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಶ್ರೀಶೈಲನ ಮುಂದೆ ಬಂದು ನಿಂತಳು. ಆತ ಮೊಬೈಲ್ ನೋಡಿ, ಮಹಾದೇವಿ ಆಗಲೇ ಹೊರಗೆ ಬಂದಿದ್ದಾಳೆ ಎಂದ.

“ಅಕಿ ಹೆಸರಲೆ ಬಂದಾಕಿ ನಾನ್ರೀ ಸರ. ಅಕಿ ಒಳಗ ಅದಾಳ.”

“ಸಿಸ್ಟಮ್‌ನ್ಯಾಗ ಇಲ್ಲ ಬೇ. ಎಲ್ಲರೆ ಮಾತಾಡಕೋಂತ ನಿಂತಿರತಾಳ, ನೋಡ ಹೋಗ.”

ಅಷ್ಟರಲ್ಲಿ ಭೀಮಣ್ಣ ಗೇಟಿನಿಂದ ಬಂದ. ಕೈಯಲ್ಲಿ ಒಂದು ಜೋಡು ಚಪ್ಪಲಿ. ರ‍್ಯಾಕಿನಲ್ಲಿ ಉಳಿದದ್ದು ಇದೊಂದೇ ಎಂದ. ಕಸ್ತೂರಿ ಗುರುತು ಹಿಡಿದಳು.

“ಚಪ್ಪಲಿ ನೋಡಿ ಬಾಗಲಾ ತಗಿಯಾಕ ಬರಂಗಿಲ್ಲೋ ಭೀಮಣ್ಣ” ಎಂದ ಶ್ರೀಶೈಲ. “ಓಟಿಪಿ ಬೇಕು.”

ಓಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ. ಮಾಲೀಕರು ಬಬಲೇಶ್ವರದಲ್ಲಿ ಒಂದು ಮದುವೆಯಲ್ಲಿದ್ದರು. ಫೋನ್ ಎತ್ತಿದವರು ಮೊದಲು ಕೇಳಿದ್ದು, ಸಿಸ್ಟಮ್ ಏನು ಹೇಳುತ್ತದೆ ಎಂದು. ಸೊನ್ನೆ ಎನ್ನುತ್ತದೆ ಎಂದ ಶ್ರೀಶೈಲ. ಹಾಗಾದರೆ ಗಡಿಬಿಡಿ ಏಕೆ ಎಂದು ಕೇಳಿದರು. ಆದರೂ ದೊಡ್ಡ ಮನಸ್ಸು ಮಾಡಿದರು. ಮೊದಲನೆಯ ಓಟಿಪಿ ಬ್ಯಾಂಡಿನ ಗದ್ದಲದಲ್ಲಿ ಅವಧಿ ಮೀರಿತು. ಎರಡನೆಯದು ಅವರು ಚಸ್ಮಾ ಹುಡುಕುವಷ್ಟರಲ್ಲಿ.

ಕಸ್ತೂರಿ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದಳು. ಗೇಣು ದಪ್ಪದ ಬಾಗಿಲು. ಬಡಿಯುವುದು, ಕಿವಿಯಿಟ್ಟು ಕೇಳುವುದು, ಮತ್ತೆ ಬಡಿಯುವುದು. ನಾನೇನು ಮಾಡಿದೆ? ಆಕೆ ಎರಡು ಸಲ ಮುಖ ತೋರಿಸಿದ್ದನ್ನು ನಾನೂ ನೋಡಿದ್ದೇನೆ ಎಂದೆ. ಒಂದೇ ಸಲ ಎಂದೆ. ಮೆಲ್ಲಗೆ ಎಂದೆ.

ಭೀಮಣ್ಣ ಯಾರನ್ನೂ ಕೇಳಲಿಲ್ಲ. ಹಿತ್ತಲಿನಿಂದ ಕಬ್ಬಿಣದ ಹಾರೆ ತಂದ. “ಬಾಜೂ ಸರಿಯವ್ವಾ” ಎಂದ. ಮೂರನೆಯ ಏಟಿಗೆ ಬೀಗ ಕಿತ್ತು ಬಂತು. ಅಲ್ಲಿಯವರೆಗೆ ತೆಪ್ಪಗಿದ್ದ ಯಂತ್ರ ಆಗ ಒದರತೊಡಗಿತು. ಒಂದು ಗಂಟೆ ಮೂವತ್ತೊಂದು ನಿಮಿಷ.

ಮಹಾದೇವಿ ಎರಡು ಸಾಲುಗಳ ನಡುವೆ ಖಾಲಿ ಚೀಲ ಹೊದ್ದು ಮುದುಡಿ ಕುಳಿತಿದ್ದಳು. ಹಲ್ಲು ಕಟಕಟಿಸುತ್ತಿದ್ದವು. ಕಸ್ತೂರಿ ಅವಳನ್ನು ಎತ್ತಿಕೊಂಡಂತೆ ತಂದು ಬಿಸಿಲಿನಲ್ಲಿ ಕೂಡಿಸಿ ಅಂಗೈ ತಿಕ್ಕಿದಳು.

“ಕರೆಂಟ್ ಹೋಗೇತಿ ಅನಕೊಂಡೆ ಯಕ್ಕಾ” ಎಂದಳು ಕೊನೆಗೆ. “ಬರತೈತಿ ಬಿಡ ಅಂತ ಕುಂತೆ. ಆಮ್ಯಾಲ ಭಾಳ ಒದರಿದೆ.”

ನಮಗೆ ಏನೂ ಕೇಳಿಸಿರಲಿಲ್ಲ.

ಗುರುವಾರ ಮಾಲೀಕರು ನನಗೆ ಫೋನ್ ಮಾಡಿದರು. ಬಹಳ ವಿನಯದಿಂದ ಮಾತಾಡಿದರು. ಮಹಾದೇವಿ ಆರಾಮಾಗಿದ್ದಾಳೆ, ಎರಡು ದಿನ ರಜೆ ಕೊಟ್ಟಿದ್ದೇವೆ ಎಂದರು. ಆಮೇಲೆ ವಿಷಯಕ್ಕೆ ಬಂದರು. ಬೀಗ ಹಾಳಾಗಿದೆ. ಅದನ್ನು ಕೂಡಿಸಿದ ಕಂಪನಿಯವರು ವರದಿ ಕೇಳುತ್ತಿದ್ದಾರೆ. ಭೀಮಣ್ಣನ ಮೇಲೆ ಕ್ರಮ ಆಗಬೇಕು. ಹೊರಗಿನವರೊಬ್ಬರ ಸಾಕ್ಷಿ ಬೇಕು.

“ನೀವು ಬರಿಯೋ ಮಂದಿ ಅದೀರಿ. ಇದ್ದದ್ದ ಇದ್ದಂಗ ಹೇಳ್ತೀರಿ.”

ಮೊಬೈಲಿಗೆ ಒಂದು ಫಾರ್ಮ್ ಬಂತು. ಬೀಗ ಮುರಿದದ್ದನ್ನು ಕಣ್ಣಾರೆ ನೋಡಿದಿರಾ? ಹೌದು. ಮುರಿದವರು ಯಾರು? ಭೀಮಣ್ಣನ ಹೆಸರು, ಫೋಟೋ ಎರಡೂ ಅಲ್ಲಿದ್ದವು. ಆ ವೇಳೆ ಒಳಗೆ ಯಾರಾದರೂ ಇದ್ದರೇ? ಇದಕ್ಕೆ ಉತ್ತರ ಮೊದಲೇ ತುಂಬಿತ್ತು: ಇಲ್ಲ.

ಒತ್ತಿ ನೋಡಿದೆ, ಬದಲಾಗಲಿಲ್ಲ. ಶ್ರೀಶೈಲನಿಗೆ ಫೋನ್ ಮಾಡಿದೆ. ಆ ಉತ್ತರ ಸಿಸ್ಟಮ್‌ನಿಂದ ಬರುತ್ತದೆ, ಅದನ್ನು ಯಾರೂ ತಿದ್ದುವಂತಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ತಾನೂ ಒತ್ತಿ ನೋಡಿದ್ದೇನೆ ಎಂದ.

ಫಾರ್ಮ್ ಇನ್ನೂ ನನ್ನ ಮೊಬೈಲಿನಲ್ಲಿದೆ. ಸಹಿ ಹಾಕಿಲ್ಲ. ಹಾಕುವ ಮುನ್ನ ಒಂದೇ ಒಂದು ಮಾತು ತಿಳಿಯಬೇಕಿದೆ: ಯಾರೂ ಇಲ್ಲದ ಕೋಣೆಯಿಂದ ಕಸ್ತೂರಿ ಎತ್ತಿಕೊಂಡು ಬಂದದ್ದು ಯಾರನ್ನು?