ಸಾವಂತ್ರೆವ್ವ ಎಳೆದ ಕೆಂಪು ಗೆರೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಸಗುಪ್ಪಿಯ ಅಂಚಿನಲ್ಲಿ, ಕಾಲುವೆಯ ಕಡೆಗೆ ದಾರಿ ತಿರುಗುವಲ್ಲಿ, ತಗಡಿನ ಶೆಡ್ಡಿನ ಮುಂದೆ ಸಾವಂತ್ರೆವ್ವ ಒಂದು ಸೈಕಲ್ಲಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದಾರೆ. ಸೀಟಿನ ಮೂತಿ ಕೆಳಗೆ ಬಗ್ಗುತ್ತದೆ, ಹಿಂದೆ ಒತ್ತಿದರೆ ಮೇಲೇಳುತ್ತದೆ. ಸೈಕಲ್ ತಂದ ಕರೆಪ್ಪ ಪಕ್ಕದಲ್ಲಿ ನಿಂತು ಗಳಿಗೆಗೊಮ್ಮೆ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದಾರೆ. ಸಾವಂತ್ರೆವ್ವನ ಕೆಲಸದ ಬಗ್ಗೆ ಬರೆಯಲು ಬಂದ ನಾನು ಒಂದು ಬದಿಗೆ ನಿಂತಿದ್ದೇನೆ.

ಕರೆಪ್ಪ ದಿನಗೂಲಿಯ ಮೇಲೆ ಕಾಲುವೆ ಕಾಯುವವರು. ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ನಿನ್ನೆ ಸಂಜೆ ಈ ಕಾಲುವೆಗೆ ಬಂದಿದೆ. ಆರು ಕಿಲೋಮೀಟರ್ ಆಚೆ ಒಂದು ಗೇಟು ಇದೆ. ಏಳರೊಳಗೆ ಅದನ್ನು ಎತ್ತದಿದ್ದರೆ ನೀರು ದಂಡೆ ಹತ್ತಿ, ಮೊನ್ನೆ ಮೊನ್ನೆ ಬಿತ್ತಿದ ಹೊಲಗಳಿಗೆ ನುಗ್ಗುತ್ತದೆ.

“ಅಕ್ಕಾರ, ನಟ್ಟು ಗಟ್ಟಿ ತಿರುವಿ ಕೊಡ್ರಿ, ಸಾಕು. ನಂಗ ಹೊತ್ತಾಗಾಕತ್ತೈತಿ.”

“ಕಾಲುವಿ ತುಂಬಿ ಹರಿಯಾಕತ್ತೈತಿ. ದಂಡಿ ಮ್ಯಾಲ ಸೀಟು ಬಗ್ಗಿದ್ರ ಯಾವ ಬಾಜೂ ಬೀಳ್ತಿ, ಗೊತ್ತೈತೇನು?”

ದಂಡೆಯ ದಾರಿ ಎರಡು ಮೊಳ ಅಗಲ. ಎಡಕ್ಕೆ ನೀರು, ಬಲಕ್ಕೆ ಆಳವಾದ ಇಳಿಜಾರು.

ಸಾವಂತ್ರೆವ್ವ ಪಾನಾ ಹಿಡಿದು ಬೋಲ್ಟು ಬಿಚ್ಚುತ್ತಾರೆ. ಸೀಟನ್ನು ಕಂಬಕ್ಕೆ ಹಿಡಿದಿಡುವ ಕ್ಲಿಪ್ಪು ಕೈಗೆ ಬರುತ್ತದೆ. ಅದರ ಒಳಬದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳಿವೆ. ಒಂದು ಬಿಲ್ಲೆಯ ಹಲ್ಲು ಇನ್ನೊಂದರ ಸಂದಿಯಲ್ಲಿ ಕಚ್ಚಿ ಕೂತರೆ ಮಾತ್ರ ಸೀಟು ನಿಲ್ಲುತ್ತದೆ. ಇಲ್ಲಿ ಒಂದು ಕಡೆಯ ಹಲ್ಲು ಪೂರ್ತಿ ಸವೆದು ನುಣುಪಾಗಿದೆ, ಮೇಲೆ ಎಣ್ಣೆಯ ಹೊಳಪು. ಅದನ್ನು ಅವರು ಮೂಗಿಗೆ ಹಿಡಿದು ನೋಡುತ್ತಾರೆ.

“ಎಣ್ಣಿ ಯಾರು ಬಿಟ್ಟಾರ?”

“ನಾನ ಬಿಟ್ಟೇನ್ರಿ. ಕುಂತ್ರ ಕಿರ್ ಕಿರ್ ಅಂತಿತ್ತು.”

ಇಷ್ಟು ಕೇಳಿದ್ದೇ ತಡ, ಶೆಡ್ಡಿನ ಒಳಗೆ ಚಹಾ ಕುಡಿಯುತ್ತಿದ್ದ ಸೋಮಲಿಂಗ ಲೋಟ ಕೆಳಗಿಟ್ಟು ಎದ್ದು ಹಿತ್ತಲ ಕಡೆ ಹೋಗುತ್ತಾರೆ. ಅವರು ಸಾವಂತ್ರೆವ್ವನ ಗಂಡ. ಹೆಂಡತಿ ಈಗ ಏನು ಹೇಳುತ್ತಾರೆಂದು ಅವರಿಗೆ ಗೊತ್ತು. ಹನ್ನೊಂದು ವರ್ಷದಿಂದ, ಸೀಟಿಗೆ ಎಣ್ಣೆ ಬಿಟ್ಟುಕೊಂಡು ಬಂದ ಪ್ರತಿಯೊಬ್ಬರಿಗೂ ಅವರು ಅದನ್ನೇ ಹೇಳಿದ್ದಾರೆ.

ಆಗ ಈ ಶೆಡ್ಡು ಸೋಮಲಿಂಗನವರದು. ಮೂಡಲಗಿಯವರೆಗೂ ಸೈಕಲ್ ರಿಪೇರಿಗೆ ಅವರನ್ನು ಕರೆಯುತ್ತಿದ್ದರು. ಊರಿನ ಸೈಕಲ್ಲೆಲ್ಲ ನೆಟ್ಟಗೆ ಮಾಡುವ ಮನುಷ್ಯನಿಗೆ ಸ್ವಂತ ಸೈಕಲ್ ನೋಡಿಕೊಳ್ಳಲು ಪುರಸೊತ್ತಿರಲಿಲ್ಲ. ಸೀಟು ಕಿರುಗುಟ್ಟುತ್ತಿತ್ತು. ದಾರಿಯಲ್ಲಿ ಜನ ನಗುತ್ತಾರೆಂದು ಹೆಂಡತಿಗೆ ಸಂಕಟ. ಒಂದು ಮುಂಜಾನೆ ಗಂಡ ಸ್ನಾನಕ್ಕೆ ಹೋದಾಗ ಸಾವಂತ್ರೆವ್ವ ಅಡುಗೆಮನೆಯ ಶೇಂಗಾ ಎಣ್ಣೆ ತಂದು ಸೀಟಿನ ಕೆಳಗೆ ಸುರಿದರು. ಸದ್ದು ನಿಂತಿತು. ಊರಾಚೆಯ ಇಳಿಜಾರಿನಲ್ಲಿ ಸೀಟು ಮುಂದಕ್ಕೆ ಬಗ್ಗಿತು, ಸೋಮಲಿಂಗ ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದರು. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಮೂಳೆ ಕೂಡಿಕೊಂಡಿತು, ಪಾನಾ ಹಿಡಿಯುವ ಶಕ್ತಿ ಮಾತ್ರ ಮರಳಿ ಬರಲಿಲ್ಲ.

“ಛಲೋ ಆಗಲಿ ಅಂತ ಮಾಡಿದ್ನಿ, ಕರೆಪ್ಪಾ. ಮೂರನೇ ದಿನಕ್ಕ ಎಲ್ಲಾರ ಮುಂದ ಹೇಳಿದ್ನಿ, ಎಣ್ಣಿ ಬಿಟ್ಟಾಕಿ ನಾನ ಅಂತ. ಇವ್ರು ಒಂದು ಮಾತು ಅನ್ನಲಿಲ್ಲ. ಬೈದಿದ್ರ ಬರೋಬ್ಬರಿ ಆಗ್ತಿತ್ತು.”

ಗಂಡ ಬಾಯಲ್ಲಿ ಹೇಳಿದರು, ಹೆಂಡತಿ ಕೈಯಲ್ಲಿ ಕಲಿತರು. ಮನೆ ನಡೆಯಲು ಬೇರೆ ದಾರಿ ಇರಲಿಲ್ಲ. ಈಗ ಐವತ್ತನಾಲ್ಕರ ಸಾವಂತ್ರೆವ್ವನ ಬಳಿ ದಿನಕ್ಕೆ ಆರೇಳು ಸೈಕಲ್ ಬರುತ್ತವೆ. ಹೆಚ್ಚಿನವು ಪಂಚರ್, ಒಂದೆರಡು ಬ್ರೇಕು. ಸೀಟಿನ ಕೆಲಸ ಬಂದರೆ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಾರೆ. ಗಿರಾಕಿ ಗೊಣಗಲಿ, ಬಿಡಲಿ, ಅರ್ಧ ಗಂಟೆಯ ಕೆಳಗೆ ಕೊಡುವುದಿಲ್ಲ.

ಇವತ್ತು ಅರ್ಧ ಗಂಟೆ ಇಲ್ಲ. ಹೊಸ ಕ್ಲಿಪ್ಪೂ ಇಲ್ಲ. ಇದ್ದ ಒಂದನ್ನು ನಿನ್ನೆ ಯಾರಿಗೋ ಹಾಕಿದ್ದಾಗಿದೆ, ಗೋಕಾಕದ ಅಂಗಡಿ ತೆರೆಯುವುದು ಒಂಬತ್ತರ ಮೇಲೆ. ಸಾವಂತ್ರೆವ್ವ ಅತ್ತಿತ್ತ ನೋಡುತ್ತಾರೆ. ಗೋಡೆಗೆ ಒರಗಿಸಿದ ಹಳೆಯ ಕಪ್ಪು ಸೈಕಲ್ಲಿನ ಬಳಿ ಹೋಗಿ ಅದರ ಸೀಟು ಬಿಚ್ಚಿ ಕ್ಲಿಪ್ಪು ತೆಗೆಯುತ್ತಾರೆ. ಅದು ಸೋಮಲಿಂಗನವರು ಬಿದ್ದ ಸೈಕಲ್ಲು. ಅಂದಿನಿಂದ ಅವರು ಅದನ್ನು ಹತ್ತಿಲ್ಲ. ಸೀಟನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡು ಈಗ ಸಾವಂತ್ರೆವ್ವ ಓಡಿಸುತ್ತಾರೆ.

ಪೆಟ್ರೋಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಕ್ಲಿಪ್ಪಿನ ಹಲ್ಲು ಉಜ್ಜಿ, ಬಟ್ಟೆಯಿಂದ ಒರೆಸಿ, ಒಣಗಲು ಬಾಯಿಂದ ಊದಿ, ಕರೆಪ್ಪನವರ ಸೀಟಿಗೆ ಕೂರಿಸುತ್ತಾರೆ. ಬಲಗಡೆ ನಟ್ಟು ಅರ್ಧ ಸುತ್ತು, ಎಡಗಡೆ ಅರ್ಧ ಸುತ್ತು. ಒಂದೇ ಕಡೆ ಬಿಗಿದರೆ ಹಲ್ಲು ವಾರೆಯಾಗಿ ಕೂರುತ್ತದಂತೆ. ಆಮೇಲೆ ಸೀಟೇರಿ ಕೂತು, ಮುಂದೆ ಹಿಂದೆ ಮೈ ಕುಕ್ಕುತ್ತಾರೆ. ಕೊನೆಗೆ ಡಬ್ಬಿಯಿಂದ ಒಂದು ಪುಟ್ಟ ಬಾಟಲಿ ಹೊರಗೆ ಬರುತ್ತದೆ. ಉಗುರಿಗೆ ಹಚ್ಚುವ ಕೆಂಪು ಬಣ್ಣ. ಕ್ಲಿಪ್ಪಿನಿಂದ ಕಂಬದವರೆಗೆ ಒಂದೇ ಗೆರೆ ಎಳೆಯುತ್ತಾರೆ. ಸೀಟು ಕೂದಲೆಳೆಯಷ್ಟು ಸರಿದರೂ ಗೆರೆ ಮುರಿಯುತ್ತದೆ.

“ಎರಡ ಸಲ ಇಳದು ಗೆರಿ ನೋಡು. ಮುರದಿದ್ರ ಸೈಕಲ್ ಅಲ್ಲೇ ಬಿಟ್ಟು ನಡಕೋತ ಹೋಗು. ಮುಟ್ಟಿದ ಮ್ಯಾಲ ಫೋನ್ ಮಾಡು.”

ಆರೂ ಕಾಲಿಗೆ ಕರೆಪ್ಪ ಹೊರಡುತ್ತಾರೆ. ತಿರುವಿನಲ್ಲಿ ಅವರು ಮರೆಯಾಗುವವರೆಗೂ ಸಾವಂತ್ರೆವ್ವನ ಕಣ್ಣು ಸೀಟಿನ ಮೇಲೆಯೇ.

ಏಳಾಗುತ್ತದೆ. ಫೋನ್ ಬರುವುದಿಲ್ಲ. ಏಳೂವರೆಗೆ ಇವರೇ ಮಾಡುತ್ತಾರೆ, ಸ್ವಿಚ್ ಆಫ್. ಪಂಚರ್ ತಿದ್ದಲು ಕೂತವರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುವುದನ್ನೇ ಮರೆಯುತ್ತಾರೆ. ನಾನು ಏನೋ ಪ್ರಶ್ನೆ ಕೇಳುತ್ತೇನೆ, ಅವರು ಬೇರೇನನ್ನೋ ಹೇಳುತ್ತಾರೆ.

“ಆ ಕ್ಲಿಪ್ಪು ನನ್ನ ಭಾರಕ್ಕ ರೂಢಿ ಆಗಿತ್ತರಿ. ಅಂವ ನನಗಿಂತ ದಪ್ಪ ಅದಾನ. ಬೋಲ್ಟು ಹಳೇದು. ಕಳಸಬಾರದಿತ್ತು.”

ಎಂಟಕ್ಕೆ ಚಹಾ ಕುಡಿಯಲು ಇಲ್ಲಿಗೇ ಬರುವುದು ಕರೆಪ್ಪನವರ ರೂಢಿ. ಎಂಟೂ ಕಾಲು ಆಗುತ್ತದೆ. ಸಾವಂತ್ರೆವ್ವ ಪಾನಾ ಕೆಳಗಿಟ್ಟು ಏಳುತ್ತಾರೆ. ಹನ್ನೊಂದು ವರ್ಷದಲ್ಲಿ ಕೆಲಸದ ನಡುವೆ ಎದ್ದುಹೋದದ್ದಿಲ್ಲವಂತೆ. ತಮ್ಮ ಸೈಕಲ್ಲಿನ ಕಡೆ ನಡೆದವರು ಸೀಟಿಲ್ಲದ ಕಂಬ ನೋಡಿ ನಿಂತುಬಿಡುತ್ತಾರೆ.

“ನಿಮ್ಮ ಗಾಡಿ ತಗೀರಿ.”

ದಂಡೆಯ ಮೇಲೆ ನನ್ನ ಬೈಕು ನಿಧಾನವಾಗಿ ಹೋಗುತ್ತದೆ. ಹಿಂದೆ ಕೂತವರ ಕೈ ನನ್ನ ಭುಜದ ಮೇಲೆ ಬಿಗಿಯುತ್ತಾ ಹೋಗುತ್ತದೆ. ಎಡಕ್ಕೆ ಕಂದು ನೀರು ದಂಡೆಗೆ ಒಂದು ಗೇಣು ಬಿಟ್ಟು ಹರಿಯುತ್ತಿದೆ. ಎರಡನೇ ಸೇತುವೆಯ ಹತ್ತಿರ ನೀರಿನಲ್ಲಿ ಏನೋ ಕಪ್ಪಗೆ ತೇಲುತ್ತದೆ. ಹತ್ತಿರ ಹೋದರೆ ಹರಿದ ಟೈರು. ಸುಮ್ಮನೆ ನಾಲ್ಕು ಫೋಟೊ ತೆಗೆದು, ನಾಲ್ಕು ಮಾತು ಬರೆದುಕೊಂಡು ಹೋಗೋಣವೆಂದು ಬಂದವನು ನಾನು. ಈಗ ನಾನೂ ನೀರನ್ನೇ ಹುಡುಕುತ್ತಿದ್ದೇನೆ.

ಗೇಟು ಕಾಣುತ್ತದೆ. ಮೊದಲು ಸೈಕಲ್ಲು, ಬೇವಿನ ಗಿಡಕ್ಕೆ ಒರಗಿದೆ. ಆಮೇಲೆ ಕರೆಪ್ಪ. ಗೇಟಿಗೆ ಸಿಕ್ಕಿಕೊಂಡ ಕಬ್ಬಿನ ಒಣ ಗರಿಯ ರವದಿಯನ್ನು ಕೊಕ್ಕೆಯಿಂದ ಎಳೆದು ಎಳೆದು ದಂಡೆಗೆ ಹಾಕುತ್ತಿದ್ದಾರೆ, ಸೊಂಟದವರೆಗೂ ತೊಯ್ದಿದ್ದಾರೆ. ಅಂಗಿ ಜೇಬಿನಲ್ಲಿದ್ದ ಫೋನೂ ತೊಯ್ದಿದೆ. ಗೇಟು ಎದ್ದಿದೆ, ನೀರು ಇಳಿಯುತ್ತಿದೆ.

ಸಾವಂತ್ರೆವ್ವ ನೇರ ಸೈಕಲ್ಲಿನ ಬಳಿ ಹೋಗಿ, ಬಗ್ಗಿ, ಸೀಟಿನ ಕೆಳಗೆ ಬೆರಳು ಓಡಿಸುತ್ತಾರೆ. ಗೆರೆ ಇಡಿಯಾಗಿದೆ.

“ಎರಡ ಸಲ ಇಳದು ನೋಡೇನ್ರಿ ಅಕ್ಕಾರ,” ಎಂದು ಕರೆಪ್ಪ ಅಲ್ಲಿಂದಲೇ ಕೂಗುತ್ತಾರೆ.

ಆಗ ಸಾವಂತ್ರೆವ್ವ ದಂಡೆಯ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕಣ್ಣೀರೋ, ಬೆವರೋ, ನಾನು ಕೇಳುವುದಿಲ್ಲ.

ಮರಳುವಾಗ ಅವರಿಗೆ ಮಾತು ಬರುತ್ತದೆ. ಅಂಗಡಿ ದೊಡ್ಡದು ಮಾಡುವ ಆಸೆ ಇದೆಯೇ ಎಂದರೆ ನಗುತ್ತಾರೆ. “ಗೆರಿ ಹಾಕಿ ಕೊಟ್ಟ ಸೀಟಿನ ಮ್ಯಾಲಿಂದ ಇವತ್ತಿನ ತನಕ ಒಬ್ಬರೂ ಬಿದ್ದಿಲ್ರಿ. ಊರ ಮಂದಿ ಎಲ್ಲಾ ಕುಂತಾರ. ನಮ್ಮ ಮನಿಯವರು ಒಬ್ಬರು ಕುಂಡ್ರಲಿಲ್ಲ. ನನ್ನ ಮ್ಯಾಲ ಸಿಟ್ಟಿಲ್ಲ ಅವ್ರಿಗೆ, ಅಂಜಿಕಿ ಐತಿ. ಸಿಟ್ಟಾದ್ರ ಇಳೀತಿತ್ತು.”

ಶೆಡ್ಡಿನ ಮುಂದೆ ಸೋಮಲಿಂಗ ನಿಂತಿದ್ದಾರೆ. ಸೀಟಿಲ್ಲದ ಕಪ್ಪು ಸೈಕಲ್ಲನ್ನು ಯಾರೋ ಹೊರಗೆ ತಂದು ಒರೆಸಿಟ್ಟಿದ್ದಾರೆ. ಮನೆಯಲ್ಲಿ ಇರುವವರು ಇಬ್ಬರೇ.

“ಗೆರಿ?” ಎನ್ನುತ್ತಾರೆ.

“ಮುರದಿಲ್ಲ.”

ಸೋಮಲಿಂಗ ಸೊಟ್ಟಗಾದ ಬಲಗೈಯನ್ನು ಸೈಕಲ್ಲಿನ ಕಂಬದ ಮೇಲೆ ಇಡುತ್ತಾರೆ.

“ಕ್ಲಿಪ್ಪು ಬಂದ ಮ್ಯಾಲ ಸೀಟು ನನ್ನ ಅಳತಿಗೆ ಏರಸು.”

ಸಾವಂತ್ರೆವ್ವ ಡಬ್ಬಿಯಿಂದ ಬಾಟಲಿ ತೆಗೆದು, ಬೆಳಕಿಗೆ ಹಿಡಿದು, ಬಣ್ಣ ಎಷ್ಟು ಉಳಿದಿದೆ ಎಂದು ನೋಡುತ್ತಾರೆ.

“ನಿಮ್ಮದಕ್ಕ ಎರಡ ಗೆರಿ ಹಾಕ್ತೇನಿ.”